ಎದೆಯ ಮಾತು, ಗುಂಡಿಗೆಯ ಓದು



ಹೃದಯವನ್ನು ಕುರಿತು ಸಾಹಿತ್ಯಾಸಕ್ತರಿಗೆ ಹೊಸದಾಗಿ ಹೇಳಬೇಕಾದದ್ದು ಏನಿದೆ ಎಂದು ನೀವು ಕೇಳಬಹುದು. ನಮ್ಮ ನುಡಿಯೇ ಅದರಿಂದ ತುಂಬಿಹೋಗಿದೆ. ಧೈರ್ಯವುಳ್ಳವನು ಎದೆಗಾರ, ಅಂಜಿದವನು ಎದೆಗುಂದುತ್ತಾನೆ, ದುಃಖಕ್ಕೆ ಎದೆಯೊಡೆಯುತ್ತದೆ, ಕಷ್ಟಕ್ಕೆ ಎದೆಗೊಡುತ್ತೇವೆ. ಆದರೆ ಈ ಸಂಪತ್ತಿನಲ್ಲಿಯೇ ಒಂದು ತೊಡಕೂ ಅಡಗಿದೆ. ಎದೆಯೆಂದರೆ ಪಕ್ಕೆಲುಬಿನ ಗೂಡೂ ಹೌದು, ಅದರೊಳಗಿನ ಅಂಗವೂ ಹೌದು, ಕೆಚ್ಚೂ ಹೌದು. ಹಿಡಿಮುಷ್ಟಿಯಷ್ಟು ಗಾತ್ರದ ಆ ಸ್ನಾಯುವಿಗೆ ‘ಗುಂಡಿಗೆ’ ಎಂಬ ಬೇರೆಯ ಮಾತು ನಮ್ಮಲ್ಲುಂಟು. ಎದೆಯನ್ನು ಕುರಿತು ನಾವು ಬಹಳ ಓದಿದ್ದೇವೆ. ಗುಂಡಿಗೆಯನ್ನು ಕುರಿತು ಓದಿದ್ದು ಕಡಮೆ.

ಇದು ನನಗೆ ಮನವರಿಕೆಯಾದದ್ದು ನನ್ನ ಗುರುಗಳೊಬ್ಬರ ನಿಮಿತ್ತವಾಗಿ. ಹಳಗನ್ನಡವನ್ನು ಮೂವತ್ತು ವರ್ಷ ಪಾಠ ಹೇಳಿದವರು. 2017ರ ಜನವರಿಯ ಒಂದು ರಾತ್ರಿ, ಮದುವೆಯ ಊಟ ಮುಗಿಸಿ ಮನೆಗೆ ನಡೆದು ಬರುವಾಗ, ಎದೆಯ ನಡುವೆ ಯಾರೋ ಒರಳುಕಲ್ಲನ್ನು ಇಟ್ಟಂತೆ ಅವರಿಗೆ ಅನ್ನಿಸಿತು. ಮೈ ಬೆವೆತಿತು. “ವಾಯು, ಹೋಗುತ್ತದೆ ಬಿಡಿ” ಎಂದರು. ಮನೆಯವರು ಓಮದ ಕಷಾಯ ಕೊಟ್ಟರು, ಆಮೇಲೆ ಸೋಡ ತರಿಸಿದರು. ಬೆಳಗಿನ ಜಾವ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏಳು ಗಂಟೆಗಳು ಕಳೆದಿದ್ದುವು. ಜೀವ ಉಳಿಯಿತು, ಗುಂಡಿಗೆಯ ಒಂದು ಭಾಗ ಉಳಿಯಲಿಲ್ಲ. ಮುಂದಿನ ನಾಲ್ಕು ವರ್ಷ ಅವರು ಕಾಲೇಜಿನ ಮೆಟ್ಟಿಲು ಹತ್ತಲಾರದೆ ಮನೆಯಲ್ಲಿಯೇ ಕಳೆದರು. ಒಂದು ದಿನ ನನ್ನನ್ನು ಕರೆದು, “ಕಾವ್ಯದಲ್ಲಿ ಎದೆಯೊಡೆದು ಸತ್ತವರನ್ನೆಲ್ಲ ಬಲ್ಲೆನಪ್ಪ. ನನ್ನ ಎದೆ ಕರೆದಾಗ ಮಾತ್ರ ಗುರುತು ಸಿಕ್ಕಲಿಲ್ಲ. ಇದರ ಮೇಲೆ ಓದುವಂಥದ್ದು ಏನಿದೆಯೋ ತಂದುಕೊಡು” ಎಂದರು. ಇಂದು ನಾನು ಹೇಳಹೊರಟಿರುವುದು ಅವರಿಗಾಗಿ ಹುಡುಕಿ, ಅವರೊಡನೆ ಕುಳಿತು ಓದಿದ ಬರೆಹಗಳ ವಿಚಾರ.

ಮೊದಲನೆಯದು ಒಂದು ಚಿಕ್ಕ ಪ್ರಬಂಧ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಇದನ್ನು 1768ರಲ್ಲಿ ಅಲ್ಲಿನ ವೈದ್ಯರ ಸಭೆಯಲ್ಲಿ ಓದಿದ. 1772ರಲ್ಲಿ ಅದು ಅಚ್ಚಾಯಿತು. ‘ಆಂಜೈನ ಪೆಕ್ಟೋರಿಸ್’ ಎಂಬ ಹೆಸರನ್ನು ಆ ನೋವಿಗೆ ಕೊಟ್ಟವನು ಅವನೇ. ನಡೆಯುವಾಗ, ಅದರಲ್ಲಿಯೂ ಏರು ಹತ್ತುವಾಗ, ಊಟವಾದ ಮೇಲಂತೂ ಇನ್ನೂ ಹೆಚ್ಚಾಗಿ, ಎದೆಯಲ್ಲಿ ಪ್ರಾಣವೇ ಹೋಗುವಂಥ ಸಂಕಟ ಹುಟ್ಟುತ್ತದೆ. ನಿಂತೊಡನೆ ಅದು ಮಾಯವಾಗುತ್ತದೆ ಎಂದು ಅವನು ವರ್ಣಿಸುತ್ತಾನೆ. ಈ ನೋವಿನ ಮೂಲ ಗುಂಡಿಗೆಯಲ್ಲಿದೆಯೆಂಬುದು ಅವನಿಗೆ ಖಚಿತವಿರಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ ಬರೆದದ್ದರಿಂದ ಆ ವರ್ಣನೆ ಇಂದಿಗೂ ಹಳತಾಗಿಲ್ಲ.

ಇದಕ್ಕೊಂದು ಉಪಕಥೆಯುಂಟು. ಆ ಪ್ರಬಂಧದ ಸಾರಾಂಶ ಲಂಡನ್ನಿನ ‘ಕ್ರಿಟಿಕಲ್ ರಿವ್ಯೂ’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ಬಂದಿತು. ಅದನ್ನು ಓದಿದವನೊಬ್ಬ, ಇದು ನನ್ನದೇ ಕಾಯಿಲೆ ಎಂದು ಗುರುತಿಸಿ, ಹೆಸರು ಹೇಳದೆ ಹೆಬರ್ಡನ್ನನಿಗೆ ಪತ್ರ ಬರೆದ. ನಾನು ಹಠಾತ್ತನೆ ಸತ್ತರೆ ನನ್ನ ದೇಹವನ್ನು ಕೊಯ್ದು ನೋಡಿ, ಇತರರಿಗೆ ಉಪಯೋಗವಾದೀತು ಎಂಬುದು ಅವನ ಬಿನ್ನಹ. ಮೂರು ವಾರಗಳೊಳಗೆ ಅವನು ಸತ್ತ. ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್ ಆ ದೇಹವನ್ನು ಪರೀಕ್ಷಿಸಿದ. ಕಾರಣ ಸಿಕ್ಕಲಿಲ್ಲ, ಏಕೆಂದರೆ ನೋಡಬೇಕಾದ ರಕ್ತನಾಳಗಳನ್ನೇ ನೋಡಿರಲಿಲ್ಲ. ಗುರುಗಳು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಸಾಹಿತ್ಯ ಪತ್ರಿಕೆ ಓದಿ ತನ್ನ ರೋಗವನ್ನು ಗುರುತಿಸಿದವನೂ ಒಬ್ಬನಿದ್ದ, ನೋಡು” ಎಂದರು.

ಎರಡನೆಯದು ವಿಲಿಯಂ ಹಾರ್ವೆಯ ಗ್ರಂಥ. 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದದ್ದು. ಎಪ್ಪತ್ತೆರಡು ಪುಟಗಳ ಪುಸ್ತಕ, ಇಂಗ್ಲಿಷ್ ಅನುವಾದದಲ್ಲಿ ಓದಬಹುದು. ತಿಂದ ಅನ್ನದಿಂದ ಪಿತ್ತಜನಕಾಂಗದಲ್ಲಿ ರಕ್ತ ಹುಟ್ಟಿ ಅಂಗಾಂಗಗಳಲ್ಲಿ ಇಂಗಿಹೋಗುತ್ತದೆ ಎಂದು ಯೂರೋಪು ಅಲ್ಲಿಯವರೆಗೆ ನಂಬಿತ್ತು. ಹಾರ್ವೆ ಸರಳವಾದ ಲೆಕ್ಕವೊಂದನ್ನು ಮಾಡಿದ. ಅರ್ಧ ಗಂಟೆಯಲ್ಲಿ ಗುಂಡಿಗೆ ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಪ್ರತಿಸಲವೂ ಎಷ್ಟೇ ಕಡಮೆ ರಕ್ತ ಹೊರಬಿದ್ದರೂ ಅದರ ಮೊತ್ತ ಇಡೀ ಮೈಯಲ್ಲಿರುವ ರಕ್ತವನ್ನು ಮೀರುತ್ತದೆ. ಅಷ್ಟನ್ನು ಯಾವ ಊಟವೂ ಒದಗಿಸಲಾರದು. ಆದುದರಿಂದ ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತಿರಬೇಕು.

ಹಾರ್ವೆಯನ್ನು ಓದಿದ ಮೇಲೆ ಗುರುಗಳಿಗೆ ತಮ್ಮ ಕಾಯಿಲೆಯೂ ಅರ್ಥವಾಯಿತು. ಮೈಗೆಲ್ಲ ರಕ್ತವನ್ನು ಹಂಚುವ ಗುಂಡಿಗೆ ತನ್ನ ಪಾಲನ್ನು ಪಡೆಯುವುದು ಕಿರೀಟದಂತೆ ತನ್ನನ್ನು ಬಳಸಿರುವ ಸಣ್ಣ ಧಮನಿಗಳಿಂದ. ಕಿರೀಟಧಮನಿಗಳೆಂದೇ ಅವುಗಳ ಹೆಸರು. ಅವುಗಳ ಒಳಗೋಡೆಯಲ್ಲಿ ವರ್ಷಗಳಿಂದ ಕೂಡಿದ ಕೊಬ್ಬಿನ ಗಂಟು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಆಚೆಗಿನ ಸ್ನಾಯು ಸಾಯತೊಡಗುತ್ತದೆ. ಅದು ಒಮ್ಮೆಗೇ ಸಾಯುವುದಿಲ್ಲ. ಗಂಟೆ ಗಂಟೆಗೂ ಇಷ್ಟಿಷ್ಟು ಸಾಯುತ್ತದೆ. ಹೆಪ್ಪನ್ನು ಕರಗಿಸುವ ಔಷಧವಾಗಲಿ, ನಾಳವನ್ನು ಬಿಡಿಸುವ ಚಿಕಿತ್ಸೆಯಾಗಲಿ ಬೇಗನೆ ಸಿಕ್ಕಿದಷ್ಟೂ ಹೆಚ್ಚು ಭಾಗ ಉಳಿಯುತ್ತದೆ. ಓಮದ ಕಷಾಯದ ಆ ಏಳು ಗಂಟೆಗಳ ಬೆಲೆಯೇನೆಂಬುದು ಇಲ್ಲಿ ತಿಳಿಯುತ್ತದೆ.

ಮೂರನೆಯದು ನಮ್ಮದೇ. ಚರಕಸಂಹಿತೆಯ ಸೂತ್ರಸ್ಥಾನದ ಮೂವತ್ತನೆಯ ಅಧ್ಯಾಯ ಹೃದಯವನ್ನು ಹತ್ತು ಮಹಾನಾಳಗಳ ಮೂಲವೆಂದು ಕರೆಯುತ್ತದೆ. ಹೃದಯಕ್ಕೆ ‘ಮಹತ್’, ‘ಅರ್ಥ’ ಎಂಬ ಪರ್ಯಾಯಪದಗಳನ್ನು ಕೊಡುತ್ತದೆ. ‘ಅರ್ಥ’ವೆಂದರೆ ಹೃದಯ! ಗುರುಗಳು ಈ ಮಾತಿಗೆ ಮಗುವಿನಂತೆ ಹಿಗ್ಗಿದರು. ಹೃದಯವನ್ನು ಕಾಪಾಡಿಕೊಳ್ಳಬೇಕೆನ್ನುವವನು ಮನಸ್ಸಿನ ದುಃಖಕ್ಕೆ ಕಾರಣವಾದುದನ್ನು ವಿಶೇಷವಾಗಿ ಬಿಡಬೇಕು ಎಂಬುದು ಅಲ್ಲಿನ ಉಪದೇಶ. ಇದನ್ನು ಬರಿಯ ನೀತಿಯೆಂದು ತಳ್ಳಿಹಾಕುವಂತಿಲ್ಲ. ಮೇಲೆ ಹೇಳಿದ ಜಾನ್ ಹಂಟರನಿಗೆ ಮುಂದೆ ಅದೇ ಎದೆನೋವು ಬಂದಿತು. ತನ್ನನ್ನು ಕೆರಳಿಸುವ ಯಾವ ನೀಚನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದನಂತೆ. 1793ರಲ್ಲಿ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದವಾಗಿ ಅಲ್ಲಿಯೇ ಕುಸಿದು ಸತ್ತ.

ಇನ್ನು ಮುಂದಿನವು ಪುಸ್ತಕಗಳಲ್ಲ, ವರದಿಗಳು. ಆದರೆ ಕಥೆಯಂತೆ ಓದಿಸಿಕೊಳ್ಳುವಂಥವು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವೆಲ್ಲ ಕುಳಿತಿರುತ್ತಿದ್ದ. ಕಂಡಕ್ಟರು ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಮೆ, ಬಂದರೂ ಅಷ್ಟು ಮಾರಕವಲ್ಲ ಎಂದು ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಅವರ ಪ್ರಾಮಾಣಿಕತೆಯನ್ನೂ ನೋಡಬೇಕು. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ ಡ್ರೈವರುಗಳ ಸೊಂಟದ ಸುತ್ತಳತೆ ಮೊದಲಿನಿಂದಲೇ ಹೆಚ್ಚಾಗಿತ್ತೆಂದು ತಿಳಿಯಿತು. 1956ರಲ್ಲಿ ಅದನ್ನೂ ಅವರೇ ಪ್ರಕಟಿಸಿದರು. ತನ್ನ ವಾದಕ್ಕೆ ತಾನೇ ಆಕ್ಷೇಪ ತರುವ ಬರೆಹವನ್ನು ನಂಬಬಹುದು. ನಡೆದಾಟ ಗುಂಡಿಗೆಗೆ ಒಳ್ಳೆಯದೆಂಬುದನ್ನು ಆಮೇಲಿನ ಅನೇಕ ಅಧ್ಯಯನಗಳು ಗಟ್ಟಿಮಾಡಿವೆ. ಹೆಬರ್ಡನ್ ಸಹ, ದಿನಕ್ಕೆ ಅರ್ಧ ಗಂಟೆ ಸೌದೆ ಕೊಯ್ಯುತ್ತಿದ್ದ ರೋಗಿಯೊಬ್ಬ ಬಹುಮಟ್ಟಿಗೆ ಗುಣವಾದನೆಂದು ಬರೆದಿಟ್ಟಿದ್ದಾನೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಅಪಾಯದ ಕಾರಣಗಳೆಂಬ, ನಮಗೆಲ್ಲ ಈಗ ಪರಿಚಿತವಾಗಿರುವ ತಿಳಿವಳಿಕೆ ಬಹುಪಾಲು ಆ ಊರಿನ ಕೊಡುಗೆ. ನಮಗೆ ಹತ್ತಿರವಾದ ಅಧ್ಯಯನಗಳೂ ಇವೆ. ಬೆಂಗಳೂರಿನಲ್ಲಿ 200 ಹೃದಯಾಘಾತದ ರೋಗಿಗಳನ್ನು ಮತ್ತೆ 200 ಮಂದಿಯೊಡನೆ ಹೋಲಿಸಿ ನೋಡಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಗರೇಟು ಮತ್ತು ಬೀಡಿ ಮುಖ್ಯ ಅಪರಾಧಿಗಳಾಗಿ ಕಂಡುವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ 52 ದೇಶಗಳಲ್ಲಿ ನಡೆಸಿದ, 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ ಒಂಬತ್ತು ಅಂಶಗಳೇ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ವಿವರಿಸುತ್ತವೆ ಎಂದು ತೋರಿಸಿತು. ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇವುಗಳ ಜೊತೆಗೆ ಮನಸ್ಸಿನ ಒತ್ತಡವೂ ಆ ಪಟ್ಟಿಯಲ್ಲಿದೆ. ಚರಕನಿಗೆ ಇಲ್ಲಿ ಸಾಕ್ಷಿ ದೊರೆತಂತಾಯಿತು. ಅದೇ ಅಧ್ಯಯನದಿಂದ 2007ರಲ್ಲಿ ಹೊರಬಂದ ಇನ್ನೊಂದು ಸಂಗತಿ ಮರೆಯಬಾರದ್ದು. ಮೊದಲ ಆಘಾತದ ಸರಾಸರಿ ವಯಸ್ಸು ಬೇರೆ ದೇಶಗಳಲ್ಲಿ ಸುಮಾರು 59. ಭಾರತವೂ ಸೇರಿದ ದಕ್ಷಿಣ ಏಷ್ಯದಲ್ಲಿ 53.

ಒಟ್ಟಾಗಿ ಒಂದೇ ಪುಸ್ತಕ ಬೇಕೆನ್ನುವವರು ಸಂದೀಪ್ ಜೌಹರ್ ಇಂಗ್ಲಿಷಿನಲ್ಲಿ ಬರೆದ, 2018ರಲ್ಲಿ ಬಂದ ಹೃದಯದ ಇತಿಹಾಸವನ್ನು ಓದಬಹುದು. ಹೃದ್ರೋಗತಜ್ಞನಾದ ಲೇಖಕನಿಗೆ ತನ್ನ ಧಮನಿಗಳಲ್ಲಿಯೇ ತಡೆಗಳಿರುವುದು ಗೊತ್ತಾಗುತ್ತದೆ. ಆ ಭಯವನ್ನು ಮುಚ್ಚಿಡದೆ ಬರೆದದ್ದು ಪುಸ್ತಕದ ಗುಣ. ಕನ್ನಡದಲ್ಲಿಯೂ ವೈದ್ಯಸಾಹಿತ್ಯದ ಒಳ್ಳೆಯ ಪರಂಪರೆಯುಂಟು. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಡಾ. ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಎಷ್ಟೋ ಮನೆಗಳ ಕಪಾಟಿನಲ್ಲಿದ್ದ ಪುಸ್ತಕ. ಇವು ಹೃದಯವನ್ನು ಕುರಿತವಲ್ಲ. ಆದರೆ ವೈದ್ಯವನ್ನು ತಿಳಿಗನ್ನಡದಲ್ಲಿ ಹೇಗೆ ಹೇಳಬೇಕೆಂಬುದಕ್ಕೆ ಮೇಲ್ಪಂಕ್ತಿ.

ಪುಸ್ತಕದಂಗಡಿಯಲ್ಲಿ ಇಂಥವುಗಳ ಪಕ್ಕದಲ್ಲಿಯೇ ಬೇರೆಯವೂ ಇರುತ್ತವೆ. ಕೆಲವೇ ದಿನಗಳಲ್ಲಿ ಧಮನಿಯ ತಡೆಯನ್ನು ಕರಗಿಸುತ್ತೇನೆಂದು ಭಾಷೆ ಕೊಡುವ ಪುಸ್ತಕವನ್ನು ಅಲ್ಲಿಯೇ ಇಟ್ಟು ಬನ್ನಿ. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸು ಎನ್ನುವುದನ್ನು ಮುಟ್ಟಲೇಬೇಡಿ. ಅಚ್ಚಾದ ವರ್ಷವನ್ನು ನೋಡಿ. ಚಿಕಿತ್ಸೆಯ ಮಾತು ಬೇಗನೆ ಹಳತಾಗುತ್ತದೆ, ಚೆನ್ನಾಗಿ ಕಂಡು ಬರೆದ ವರ್ಣನೆ ಹಳತಾಗುವುದಿಲ್ಲ.

ಓದು ಔಷಧವಲ್ಲ, ನಿಜ. ಆದರೆ ಓದಿನಿಂದ ಗುರುತು ಸಿಕ್ಕುತ್ತದೆ. ಎದೆಯ ನಡುವೆ ಭಾರ ಅಥವಾ ಹಿಂಡಿದಂಥ ನೋವು; ಅದು ತೋಳಿಗೆ, ದವಡೆಗೆ, ಬೆನ್ನಿಗೆ ಇಲ್ಲವೆ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು; ತಣ್ಣನೆಯ ಬೆವರು, ಏದುಸಿರು, ಓಕರಿಕೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕೆಲವೊಮ್ಮೆ ನೋವೇ ಇಲ್ಲದೆ ಬರಿಯ ಆಯಾಸ, ಏದುಸಿರು ಇರಬಹುದು. ಇಂಥದ್ದು ಬಂದು ಕೆಲವು ನಿಮಿಷಗಳಲ್ಲಿ ಹೋಗದಿದ್ದರೆ, ವಾಯುವೋ ಅಲ್ಲವೋ ಎಂಬ ತೀರ್ಮಾನ ಮನೆಯಲ್ಲಿ ಆಗಕೂಡದು. 108ಕ್ಕೆ ಕರೆ ಮಾಡಿ, ಇ.ಸಿ.ಜಿ. ತೆಗೆಯುವ ಹತ್ತಿರದ ಆಸ್ಪತ್ರೆಗೆ ಹೋಗಿ. ವಾಯುವೇ ಆಗಿದ್ದರೆ ನಷ್ಟವಾದದ್ದು ಒಂದು ರಾತ್ರಿಯ ನಿದ್ರೆ, ಅಷ್ಟೆ.

ಗುರುಗಳು 2021ರಲ್ಲಿ ತೀರಿಕೊಂಡರು. ಅವರ ಹೆಬರ್ಡನ್ ಪ್ರತಿ ಈಗ ನನ್ನಲ್ಲಿದೆ. ಊಟವಾದ ಮೇಲೆ ನಡೆಯುವಾಗ ನೋವು ಬರುತ್ತದೆ ಎಂಬಲ್ಲಿ ಸೀಸದಕಡ್ಡಿಯ ಗೆರೆ ಎಳೆದು, ಅಂಚಿನಲ್ಲಿ ಅವರು ಬರೆದಿರುವುದು ಒಂದೇ ಮಾತು: “ಮೊದಲೇ ಓದಬೇಕಿತ್ತು.”