ಹಾಡುಹಕ್ಕಿಯ ಶ್ರವಣ

ಮುಂಗಾರು ಕಾಲಿಟ್ಟೊಡನೆ ಮುನಿರಾಬಾದಿನ ಸುತ್ತಣ ಹೊಲಗದ್ದೆಗಳಲ್ಲಿ ಗೀಜಗಗಳ ಸಡಗರ ಮೊದಲಾಗುತ್ತದೆ. ಗಂಡುಹಕ್ಕಿಯ ನೆತ್ತಿ ಹೊನ್ನಿನ ಬಣ್ಣ ತಳೆಯುತ್ತದೆ. ಜಾಲಿಯ ಕೊಂಬೆಗೆ ತೂಗುಗೂಡು ನೇಯುತ್ತ ಅದು ದನಿಗೈದು ಹೆಣ್ಣನ್ನು ಕರೆಯುತ್ತದೆ. ಈ ಮಾರ್ಪಾಡಿಗೆ ಹಾರ್ಮೋನುಗಳು, ಅಂದರೆ ನಿರ್ನಾಳ ಗ್ರಂಥಿಗಳಿಂದ ನೇರವಾಗಿ ರಕ್ತಕ್ಕೆ ಸೇರುವ ರಸಗಳು, ಕಾರಣವೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಆದರೆ ಋತುವಿಗೆ ತಕ್ಕಂತೆ ಬದಲಾಗುವುದು ಹಾಡುವ ಹಕ್ಕಿ ಮಾತ್ರವೇ? ಆಲಿಸುವ ಹಕ್ಕಿಯ ಶ್ರವಣವೂ ಬದಲಾಗುವುದೇ?

ಗೀಜಗದಂತೆಯೇ ಹಾಡುಹಕ್ಕಿಗಳ ಬಳಗಕ್ಕೆ ಸೇರಿದ ಇತರ ಹಕ್ಕಿಗಳ ಮೇಲೆ ನಡೆದ ಪ್ರಯೋಗಗಳು ಇದಕ್ಕೆ ಉತ್ತರ ನೀಡಿವೆ. ಅಮೆರಿಕದ ವಿಜ್ಞಾನಿ ಡೋನಾ ಮೇನಿ ಮತ್ತು ಸಂಗಡಿಗರು ಅಲ್ಲಿಯ ಬಿಳಿಗೊರಳ ಗುಬ್ಬಿಯ ಹೆಣ್ಣುಗಳನ್ನು ಪರೀಕ್ಷಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಂತಾನಕಾಲವಲ್ಲದಾಗ ಹೆಣ್ಣುಹಕ್ಕಿಯಲ್ಲಿ ಈಸ್ಟ್ರೊಜನ್ ಎಂಬ ಹಾರ್ಮೋನು ತೀರ ಕಡಮೆ. ಆ ಸ್ಥಿತಿಯಲ್ಲಿ ಅದರ ಮಿದುಳಿನ ಶ್ರವಣಭಾಗವು ಸ್ವಜಾತಿಯ ಹಾಡಿಗೂ ಬರಿಯ ಸ್ವರಗಳಿಗೂ ಭೇದವೆಣಿಸದೆ ಸ್ಪಂದಿಸಿತು. ಈಸ್ಟ್ರೊಜನ್ ಪಡೆದ ಹೆಣ್ಣುಗಳಲ್ಲಾದರೋ ಹಾಡಿಗೆ ತೋರಿದ ಸ್ಪಂದನವೇ ಮಿಗಿಲಾಯಿತು. ಕೇಳಿಸುವುದು ಬೇರೆ, ಮನಗಾಣುವುದು ಬೇರೆ ಎಂಬುದಕ್ಕೆ ಇದು ನಿದರ್ಶನ.

ಇನ್ನೂ ಅಚ್ಚರಿಯ ವಿಷಯವೆಂದರೆ, ಈ ಹಾರ್ಮೋನು ಅಂಡಾಶಯದಲ್ಲಿ ಮಾತ್ರವಲ್ಲದೆ ಮಿದುಳಿನಲ್ಲಿಯೇ, ಗಂಡುಹಕ್ಕಿಯ ಮಿದುಳಿನಲ್ಲಿಯೂ, ತಯಾರಾಗುತ್ತದೆ. ಅರೊಮಟೇಸ್ ಎಂಬ ಕಿಣ್ವವು ಟೆಸ್ಟೊಸ್ಟೆರೋನನ್ನು ಈಸ್ಟ್ರೊಜನ್ನಾಗಿ ಮಾರ್ಪಡಿಸುತ್ತದೆ. ದೂರದ ಜಲಾಶಯದಿಂದ ಕಾಲುವೆಯಲ್ಲಿ ಹರಿದುಬರುವ ನೀರು ಒಂದು ಬಗೆ. ಹೊಲದ ಬಾವಿಯಿಂದಲೇ ಒದಗುವ ನೀರು ಮತ್ತೊಂದು ಬಗೆ. ಮಿದುಳಿನ ಈಸ್ಟ್ರೊಜನ್ ಎರಡನೆಯ ಬಗೆಯದು. ನಮ್ಮ ರಾಟವಾಳಕ್ಕೆ ಬಂಧುವಾದ ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಹಕ್ಕಿಯಲ್ಲಿ, ಹಾಡು ಕಿವಿಗೆ ಬಿದ್ದ ಅರ್ಧ ಗಂಟೆಯ ಅವಧಿಯಲ್ಲೇ ಶ್ರವಣಭಾಗದ ಈಸ್ಟ್ರೊಜನ್ ಏರುವುದನ್ನು ಲ್ಯೂಕ್ ರಿಮೇಜ್-ಹೀಲಿ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಈ ತಯಾರಿಕೆಯನ್ನು ತಡೆದಾಗ ಹಕ್ಕಿಯು ಹಾಡುಗಳಲ್ಲಿ ಒಂದನ್ನು ಮೆಚ್ಚಿ ಆರಿಸುವ ಒಲವೇ ಕುಂದಿತೆಂದು 2010ರಲ್ಲಿ ತಿಳಿದುಬಂದಿತು.

ಇಂಥ ಸೂಕ್ಷ್ಮ ವ್ಯವಸ್ಥೆಗೆ ಹೊರಗಿನ ಬೆರಕೆ ಅಪಾಯಕಾರಿ. ಚರಂಡಿನೀರಿನಲ್ಲಿ ಕಂಡುಬರುವ, ಈಸ್ಟ್ರೊಜನ್ನಿನಂತೆ ವರ್ತಿಸುವ ವಸ್ತುಗಳನ್ನು ಬ್ರಿಟನ್ನಿನಲ್ಲಿ ಸ್ಟಾರ್ಲಿಂಗ್ ಹಕ್ಕಿಗಳಿಗೆ ಉಣಿಸಿದಾಗ ಗಂಡುಗಳ ಹಾಡು ಹೆಚ್ಚಿತು, ಹೆಣ್ಣುಗಳು ಆ ಹಾಡನ್ನೇ ಮೆಚ್ಚಿದವು. ಆದರೆ ಹಾಗೆ ಹಾಡಿದ ಹಕ್ಕಿಗಳ ರೋಗನಿರೋಧಕ ಶಕ್ತಿ ಕುಗ್ಗಿತ್ತು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸೊಗಸಾದ ಹಾಡು ಆರೋಗ್ಯದ ಕುರುಹಾಗಿ ಉಳಿಯಲಿಲ್ಲ. ಆಲಿಸಿದ ಹೆಣ್ಣು ಮೋಸಹೋಯಿತು. ಕಾಲುವೆಯ ನೀರನ್ನೂ ಹೊಲದ ಮಣ್ಣನ್ನೂ ಕಲುಷಿತಗೊಳಿಸದೆ ಕಾಪಾಡುವುದೆಂದರೆ ಹಕ್ಕಿಗಳ ಕೊರಳನ್ನೂ ಶ್ರವಣವನ್ನೂ ಕಾಪಾಡಿದಂತೆ.