ಕುಡುಗೋಲು ಕಣರೋಗದ ಮಕ್ಕಳ ಬೆಳವಣಿಗೆ: ಅದನ್ನು ಅಳೆಯುವ ಕ್ರಮ

ಮಗುವನ್ನು ಒಮ್ಮೆ ತೂಗಿದರೆ ನಮಗೆ ದೊರೆಯುವುದು ಒಂದು ಅಂಕಿ ಮಾತ್ರ. ಕ್ರಮವಾಗಿ ತೂಗುತ್ತ ಹೋದರೆ ಅದರ ಬೆಳವಣಿಗೆಯ ಚರಿತ್ರೆಯೇ ದೊರೆಯುತ್ತದೆ. ಕುಡುಗೋಲು ಕಣರೋಗವುಳ್ಳ ಮಕ್ಕಳ ವಿಷಯದಲ್ಲಿ ಈ ಭೇದವು ವಿಶೇಷ ಮಹತ್ವವುಳ್ಳದ್ದು.

ನೀಲಗಿರಿಯ ಗಿರಿಜನರಲ್ಲಿ ಕುಡುಗೋಲು ಕಣದ ಗುಣವಿರುವುದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬುವರು 1952ರಲ್ಲಿ ಪ್ರಕಟಿಸಿದರು. ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿಯೂ ಅದು ಕಂಡುಬಂದಿದೆ. ಹಿಮೋಗ್ಲೋಬಿನ್ನಿನ ಬೀಟಾ ಸರಣಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲಿನ್ ಇರುವುದೇ ಇದರ ಮೂಲ. ತಂದೆತಾಯಿಗಳಿಬ್ಬರಿಂದಲೂ ಈ ಗುಣವನ್ನು ಪಡೆದ ಮಗುವಿಗೆ ರೋಗವುಂಟಾಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕೆಂಪುಕಣಗಳು ಆಗ 10ರಿಂದ 20 ದಿನಗಳಲ್ಲಿಯೇ ನಾಶವಾಗುತ್ತವೆ. ಈ ನಷ್ಟವನ್ನು ತುಂಬಲು ಅಸ್ಥಿಮಜ್ಜೆಯು ಎಡೆಬಿಡದೆ ದುಡಿಯಬೇಕು. ಆದುದರಿಂದ ಬೆಳವಣಿಗೆಗೆ ಸಲ್ಲಬೇಕಾದ ಆಹಾರಶಕ್ತಿಯ ಒಂದು ಪಾಲು ಕಣಗಳ ನಿರ್ಮಾಣಕ್ಕೆ ವ್ಯಯವಾಗುತ್ತದೆ. ನೋವು, ಜ್ವರಗಳು ಬಂದಾಗ ಹಸಿವೆಯೂ ಕುಗ್ಗುತ್ತದೆ.

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಮಗುವನ್ನು ಕಾಪಾಡುತ್ತದೆ. ಅದು ಇಳಿದಂತೆ ಹಿನ್ನಡೆ ಕ್ರಮೇಣ ತೋರುತ್ತದೆ. ಎತ್ತರಕ್ಕಿಂತ ತೂಕದಲ್ಲಿ ಹೆಚ್ಚು. ಹರೆಯವೂ ಸಾಮಾನ್ಯವಾಗಿ ಒಂದೆರಡು ವರ್ಷ ತಡವಾಗಿ ಬರುತ್ತದೆ. ಆದರೆ ಮೂಳೆಗಳು ಬಲಿಯುವುದೂ ತಡವಾಗುವುದರಿಂದ ಎತ್ತರವು ಹೆಚ್ಚು ಕಾಲ ಏರುತ್ತದೆ. ಅನೇಕರು ಕೊನೆಗೆ ಸಹಜ ಎತ್ತರದ ಸಮೀಪಕ್ಕೆ ಬರುತ್ತಾರೆ.

ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಹದಿಮೂರು ವರ್ಷದ ಬಾಲಕನನ್ನು ಸಹಪಾಠಿಗಳೊಡನೆ ಒಮ್ಮೆ ಹೋಲಿಸಿ, ಇವನು ಇನ್ನು ಬೆಳೆಯಲಾರನೆಂದು ನಿರ್ಣಯಿಸುವುದು ಒಂದು. ರೋಗದ ಸ್ವಭಾವವೇ ಹೀಗೆಂದು ಹೇಳಿ, ಸೊರಗುತ್ತಿರುವ ಮಗುವನ್ನು ಹಾಗೆಯೇ ಬಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕರ. ಕೆಳಗಿನ ರೇಖೆಯಲ್ಲಿದ್ದರೂ ಅದನ್ನೇ ಅನುಸರಿಸಿ ಏರುವ ಮಗು ನಿಧಾನವಾಗಿ ಬೆಳೆಯುತ್ತಿದೆ. ನಡುವಿನ ರೇಖೆಯಲ್ಲಿದ್ದು ಕೆಲವು ತಿಂಗಳಲ್ಲಿ ಕೆಳಗಿನ ರೇಖೆಗಳನ್ನು ದಾಟಿ ಇಳಿದ ಮಗುವಾದರೋ, ಇಂದಿನ ತೂಕ ಮೊದಲನೆಯ ಮಗುವಿನಷ್ಟೇ ಇದ್ದರೂ, ಕೂಡಲೇ ಪರೀಕ್ಷಿಸಲ್ಪಡಬೇಕು. ಆಹಾರದ ಕೊರತೆ, ಸೋಂಕು, ಉಲ್ಬಣಿಸಿದ ರಕ್ತಹೀನತೆ, ಊದಿದ ಗುಲ್ಮ, ಇವುಗಳಲ್ಲಿ ಕಾರಣವನ್ನು ಹುಡುಕಬೇಕು.

ಹೋಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆಗಳಿವೆ: ಐದು ವರ್ಷದವರೆಗೆ 2006ರವು, ಅನಂತರ ಹತ್ತೊಂಬತ್ತರವರೆಗೆ 2007ರವು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದವನ್ನೂ, ದೊಡ್ಡವರನ್ನು ಪಾದರಕ್ಷೆಯಿಲ್ಲದೆ ನಿಲ್ಲಿಸಿ ಎತ್ತರವನ್ನೂ ಅಳೆಯಬೇಕು. ತಕ್ಕಡಿಯು ಒಂದೇ ಆಗಿದ್ದರೆ ಲೇಸು. ಹರೆಯದ ಲಕ್ಷಣಗಳನ್ನೂ ಬರೆದಿಡಬೇಕು.

2023ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಅಭಿಯಾನವು ರಕ್ತಪರೀಕ್ಷೆಯಿಂದ ರೋಗಿಗಳನ್ನು ಗುರುತಿಸುತ್ತಿದೆ. ರಕ್ತಪರೀಕ್ಷೆಯು ರೋಗವನ್ನು ಒಮ್ಮೆ ತಿಳಿಸುತ್ತದೆ. ಆ ಮಗು ಹೇಗೆ ಬಾಳುತ್ತಿದೆಯೆಂಬುದನ್ನು ಭೇಟಿಯಿಂದ ಭೇಟಿಗೆ ತುಂಬಿದ ನಕ್ಷೆಯೇ ತಿಳಿಸಬೇಕು.