ಬಾಡಿಗೆಯ ಬಂಡಿ, ಬೆಟ್ಟದ ಹಾದಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ತಂಗಿಯ ಮೊಮ್ಮಗ, ಶನಿವಾರ ಬಂದಿತೆಂದರೆ ಮೋಟಾರ್ ಸೈಕಲ್ಲೊಂದನ್ನು ಬಾಡಿಗೆಗೆ ಹಿಡಿದು ಊರೂರು ತಿರುಗುತ್ತಾನೆ. ಮುಂದೆ ಥಾಯ್ಲೆಂಡಿಗೂ ಹೋಗಿ ಹೀಗೆಯೇ ಆ ದೇಶವನ್ನೆಲ್ಲ ಸುತ್ತಬೇಕೆಂಬುದು ಅವನ ಹಂಬಲ. “ಮಾವ, ನೀವೇ ಅವನಿಗೆ ಬುದ್ಧಿ ಹೇಳಬೇಕು” ಎಂದು ಅವನ ತಾಯಿ ದೂರವಾಣಿಯಲ್ಲಿ ಕಣ್ಣೀರಿಟ್ಟಳು. ತಾಯಿಯ ಭಯ ಸುಳ್ಳಲ್ಲ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು.

ನಾವು ಹೊರಟುಹೋದೆವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ನೆಲೆಗೊಳಿಸಿದ ಈ ಬಡಾವಣೆಗೆ 2025ರ ಆಗಸ್ಟಿನಿಂದ ಮೆಟ್ರೋ ರೈಲೂ ಬಂದಿದೆ. ಹುಡುಗ ನಮ್ಮನ್ನು ನಿಲ್ದಾಣದಲ್ಲಿ ಎದುರುಗೊಂಡು, “ತಾತ, ಬೈಯುವ ಮೊದಲು ಒಂದು ಸಲ ನನ್ನ ಹಿಂದೆ ಕುಳಿತು ಬನ್ನಿ. ಆಮೇಲೆ ನೀವು ಹೇಳಿದಂತೆ ಕೇಳುತ್ತೇನೆ” ಎಂದನು. ಮಲೆಮಹದೇಶ್ವರ ಬೆಟ್ಟಕ್ಕಾದರೆ ಬರುತ್ತೇವೆಂದು ಒಪ್ಪಿದೆವು.

ಬಾಡಿಗೆಯ ಅಂಗಡಿಯಲ್ಲಿ ಅವನು ನಡೆದುಕೊಂಡ ಬಗೆ ನಮ್ಮ ಮೊದಲ ಅಳುಕನ್ನು ಕಳೆಯಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳ ಸಂಖ್ಯೆಯಿರುವ ಬಂಡಿಯನ್ನೇ ಆರಿಸಿದನು. ತಾನೇ ಓಡಿಸಿಕೊಳ್ಳುವ ಬಾಡಿಗೆ ವಾಹನಕ್ಕೆ ಕಾಯಿದೆಯ ಗುರುತು ಅದು. 1988ರ ಮೋಟಾರು ವಾಹನ ಕಾಯಿದೆಯ ಅಡಿಯಲ್ಲಿ 1997ರಲ್ಲಿ ಕೇಂದ್ರ ಸರ್ಕಾರವು ಇದಕ್ಕೆಂದೇ ಯೋಜನೆಯೊಂದನ್ನು ಹೊರಡಿಸಿದೆ. ಬಿಳಿ ಫಲಕದ ಸ್ವಂತ ವಾಹನವನ್ನು ಗುಟ್ಟಾಗಿ ಬಾಡಿಗೆಗೆ ಕೊಡುವವರೂ ಉಂಟು. ಅಪಘಾತವಾದರೆ ಅಂಥ ವಾಹನಕ್ಕೆ ವಿಮೆಯ ಪರಿಹಾರ ಕೈಗೆಟುಕುವುದು ಕಷ್ಟ. ಹುಡುಗನು ನೋಂದಣಿ, ವಿಮೆಗಳ ಪತ್ರ ನೋಡಿದನು, ಬ್ರೇಕು ಟೈರುಗಳನ್ನು ಪರೀಕ್ಷಿಸಿದನು, ಮೊದಲೇ ಇದ್ದ ಗೀರುಗಳ ಚಿತ್ರ ತೆಗೆದುಕೊಂಡನು, ಠೇವಣಿ ಕಟ್ಟಿದನು. ಹಿಂದೆ ಕೂರುವವರಿಗೂ ಶಿರಸ್ತ್ರಾಣ ಕಡ್ಡಾಯವಾದ್ದರಿಂದ ನಮ್ಮ ತಲೆಗೂ ಒಂದನ್ನು ತೊಡಿಸಿದನು.

ನಸುಕಿನಲ್ಲಿ ಜಿಗಣಿ, ಹಾರೋಹಳ್ಳಿಗಳ ಮೇಲೆ ಕನಕಪುರ ಸೇರಿ, ಸಾತನೂರು, ಹಲಗೂರು ದಾಟಿ ಮಳವಳ್ಳಿಗೆ ಬಂದೆವು. ಮುಂದೆ ಶಿವನಸಮುದ್ರದ ಸಮೀಪದಲ್ಲಿ ಕಾವೇರಿ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತು ಹರಿಯಿತೆಂದು ಹೇಳಿದಾಗ, ಹಗಲಿರುಳೂ ಗಣಕಯಂತ್ರದ ಮುಂದೆ ಕೂರುವ ಹುಡುಗ ಬಂಡಿ ನಿಲ್ಲಿಸಿ ಬಹಳ ಹೊತ್ತು ಹೊಳೆಯನ್ನೇ ನೋಡಿದನು. ಬಸ್ಸಿನಲ್ಲಿ ಎಷ್ಟೋ ಸಲ ಇದೇ ಹಾದಿಯಲ್ಲಿ ಬಂದ ನಮಗೆ ಕಬ್ಬಿನ ಗದ್ದೆಯ ತಂಪು ಮುಖಕ್ಕೆ ತಾಗಿದ್ದು ಅಂದೇ ಮೊದಲು.

ಕೊಳ್ಳೇಗಾಲ, ಹನೂರು ಕಳೆದು ತಾಳಬೆಟ್ಟದಿಂದ ಘಟ್ಟವೇರಿದೆವು. ಸುತ್ತಲೂ 2013ರಲ್ಲಿ ವನ್ಯಧಾಮವಾದ ಕಾಡು. ಹುಲಿಯನ್ನೇರಿ ಎಪ್ಪತ್ತೇಳು ಮಲೆ ಸುತ್ತಿದನೆಂದು ಕಂಸಾಳೆಯವರು ಹಾಡುವ ಮಾದಪ್ಪನ ಸನ್ನಿಧಿಗೆ ನಾವು ಬಾಡಿಗೆಯ ಬಂಡಿಯೇರಿ ಬಂದೆವಲ್ಲ ಎಂದು ನಗು ಬಂದಿತು. ದರ್ಶನ, ದಾಸೋಹ ಮುಗಿಸಿ ರಾತ್ರಿ ಅಲ್ಲಿಯೇ ತಂಗಿದೆವು.

ಮರುದಿನ ಇಳಿಯುವಾಗ ತಿರುವೊಂದರಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿತು. ವೇಗ ಕಡಿಮೆಯಿದ್ದುದರಿಂದ ಮೊಣಕೈ ತರಚಿದ್ದು ಬಿಟ್ಟರೆ ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಬ್ರೇಕಿನ ಹಿಡಿ ಬಾಗಿತು, ಕನ್ನಡಿ ಒಡೆಯಿತು. ಮೆಲ್ಲನೆ ಕೊಳ್ಳೇಗಾಲ ಮುಟ್ಟಿದಾಗ ಹುಡುಗ ಸಂಕೋಚದಿಂದ, “ತಾತ, ಇಲ್ಲಿಯೇ ರಿಪೇರಿ ಮಾಡಿಸಿಬಿಟ್ಟರೆ ಅಂಗಡಿಯವರಿಗೆ ಗೊತ್ತಾಗುವುದಿಲ್ಲ, ಅಮ್ಮನಿಗೂ” ಎಂದನು.

ಆಗ ನಾವು ಯಾರಿಗೂ ಹೇಳದಿದ್ದ ಸಂಗತಿಯೊಂದನ್ನು ಅವನಿಗೆ ಹೇಳಿದೆವು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗಂಟೆಯ ಲೆಕ್ಕಕ್ಕೆ ಬಾಡಿಗೆ ಸೈಕಲ್ ತರುವುದು ನಮ್ಮ ದೊಡ್ಡ ವಿಲಾಸ. ಒಂದು ದಿನ ಬಿದ್ದು ಚಕ್ರದ ಕಡ್ಡಿಗಳನ್ನು ಮುರಿದು, ಮಾತಾಡದೆ ಅಂಗಡಿಯ ಗೋಡೆಗೊರಗಿಸಿ ಬಂದೆವು. ನಮ್ಮ ನಂತರ ಅದನ್ನು ಒಯ್ದ ಸಹಪಾಠಿಯ ಮೇಲೆ ತಪ್ಪು ಬಿದ್ದಿತು. ಅವನು ಏಟನ್ನೂ ತಿಂದನು, ದಂಡವನ್ನೂ ತೆತ್ತನು. ಐವತ್ತು ವರ್ಷ ಶಾಸ್ತ್ರ ಓದಿದರೂ ಆ ಮೌನ ಎದೆಯಿಂದ ಇಳಿದಿಲ್ಲ.

ಹುಡುಗ ಉತ್ತರ ಕೊಡಲಿಲ್ಲ. ಬಂಡಿ ಓಡಿಸಲು ಬೇಕಾದಷ್ಟೇ ರಿಪೇರಿ ಮಾಡಿಸಿ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿದನು. ಅಂಗಡಿಯಲ್ಲಿ ಕೀಲಿಕೈ ಇಡುವ ಮೊದಲೇ, “ಘಟ್ಟದಲ್ಲಿ ಬಿದ್ದೆ, ನೋಡಿಕೊಳ್ಳಿ” ಎಂದನು. ಠೇವಣಿಯಲ್ಲಿ ಒಂದಿಷ್ಟು ಹಣ ಕಡಿತವಾಯಿತು. ಅಲ್ಲಿಯೇ ನಿಂತು ತಾಯಿಗೂ ಫೋನ್ ಮಾಡಿದನು. ಅವಳು ಬೈದಳು, ಅತ್ತಳು, ಕೊನೆಗೆ ನಮ್ಮನ್ನು ಕೇಳಿದಳು: “ಮಾವ, ಬುದ್ಧಿ ಹೇಳಿದಿರಾ?”

“ಹೇಳಿದೆವು. ಆದರೆ ಹೋಗಬೇಡವೆಂದು ಹೇಳಲಿಲ್ಲ” ಎಂದೆವು. ಥಾಯ್ಲೆಂಡಿಗೆ ಹೋಗುವುದಾದರೆ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪ್ರವಾಸದ ವಿಮೆಯನ್ನೂ ಪಡೆದೇ ಹೋಗುವುದಾಗಿ ಅವನಿಂದ ಮಾತು ಪಡೆದಿದ್ದೇವೆ. ರಾತ್ರಿ ಓಡಿಸುವುದಿಲ್ಲವೆಂದೂ ಒಪ್ಪಿದ್ದಾನೆ.

ಹಿರಿಯರಾದವರು ಮಕ್ಕಳನ್ನು ಬಾಗಿಲೊಳಗೆ ಕಟ್ಟಿಹಾಕಲಾರೆವು. ಬಿದ್ದಾಗ ಮನೆಗೆ ಬಂದು ಬಿದ್ದೆನೆಂದು ಹೇಳುವಷ್ಟು ಧೈರ್ಯವನ್ನು ಅವರಿಗೆ ಉಳಿಸಿಕೊಡುವುದು ನಮ್ಮ ಕೈಯಲ್ಲಿದೆ. ನಮ್ಮ ಆ ಸಹಪಾಠಿ ಈಗ ಇರುವ ಊರಿನ ವಿಳಾಸವನ್ನು ಹುಡುಕಿಕೊಂಡಿದ್ದೇವೆ. ಈ ತಿಂಗಳು ಹೋಗಿ ಬರಬೇಕು.